ಕಾರಿಲ್ಲದವನ ಕಾರಿನ ಕುರ್ಚಿ

ಆರಿಸುವ ಕೆಲಸ ನನಗೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಎರಡು ಅಂಗಿ ಮುಂದಿಟ್ಟರೆ ಮೂರನೆಯದು ಎಲ್ಲಿದೆ ಎಂದು ಹುಡುಕುವವನು ನಾನು. ಆಳಂದದ ಬಜಾರಿನಲ್ಲಿ ಬದನೆಕಾಯಿ ಕೊಳ್ಳಲು ಕುಳಿತರೆ ಒಂದೊಂದನ್ನೂ ಬೆಳಕಿಗೆ ಹಿಡಿದು, ತೊಟ್ಟು ತಿರುವಿ, ಹುಳದ ತೂತು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಆಮೇಲೆ, ತೂತು ಕಾಣದಿರುವುದು ಒಳಗೆ ಹುಳ ಇಲ್ಲ ಎಂಬುದಕ್ಕೆ ಪುರಾವೆ ಆಗುತ್ತದೆಯೇ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಕಾಯಿಪಲ್ಲೆ ಮಾರುವ ಮುದುಕಿ ಒಮ್ಮೆ ತಾಳ್ಮೆಗೆಟ್ಟು, “ಮಾಸ್ತರ, ಬದ್ನಿಕಾಯಿ ಒಯ್ಯಾಕ ಬಂದೀರೋ, ತಂಗಿಗೆ ವರ ನೋಡಾಕ ಬಂದೀರೋ?” ಎಂದು ಕೇಳಿಯೇಬಿಟ್ಟಳು. ತಪ್ಪು ನನ್ನದಲ್ಲ, ಓದಿನದು. ಧಾರವಾಡದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿದೆ. ಅಲ್ಲಿ ಕಲಿಸಿದ್ದು ಒಂದೇ: ಯಾವುದನ್ನೂ ಸುಮ್ಮನೆ ನಂಬಬೇಡ. ಈ ಅನುಮಾನವೆಂಬುದು ಹೊರಗಿನದನ್ನೆಲ್ಲ ತಿಂದು ಮುಗಿಸಿದ ಮೇಲೆ ಮನೆಯೊಳಕ್ಕೆ ನುಗ್ಗುತ್ತದೆ. ಈಗೀಗ ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಆದ್ದರಿಂದ ಮುಂದೆ ಹೇಳುವುದರಲ್ಲಿ ಬಣ್ಣ, ವಾರ, ಇಸವಿ ಇವುಗಳಿಗೆ ನಾನು ಜವಾಬ್ದಾರನಲ್ಲ.

ಇದು ನಡೆದದ್ದು ಎಂಬತ್ತರ ದಶಕದ ನಡುವೆ ಎಲ್ಲೋ. ಸರಿಯಾದ ಇಸವಿ ಬೇಕೆಂದರೆ ನನ್ನ ಹೆಂಡತಿ ಶಾಂತಾಳನ್ನು ಕೇಳಬೇಕು. ಅವಳೋ ಇಸವಿಯನ್ನು ಅಂಕಿಯಲ್ಲಿ ಹೇಳುವವಳಲ್ಲ, “ನಮ್ಮ ಕರಿ ಎಮ್ಮಿ ಸತ್ತ ವರ್ಷ” ಎನ್ನುತ್ತಾಳೆ. ಆಗ ನಾನು ಆಳಂದದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಶಾಂತಾ ಚೊಚ್ಚಲ ಬಾಣಂತನಕ್ಕೆಂದು ಭೀಮಾ ದಂಡೆಯ ಮಣ್ಣೂರಿಗೆ, ತನ್ನ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ನಮ್ಮ ಕಡೆ ಬಾಣಂತಿಯನ್ನು ಬೆಸ ತಿಂಗಳಲ್ಲೇ ಗಂಡನ ಮನೆಗೆ ಕಳಿಸುತ್ತಾರೆ. ಮೂರನೆಯ ತಿಂಗಳಲ್ಲಿ ಕೂಸಿಗೆ ನೆಗಡಿ, ನಾಲ್ಕು ಸಮಸಂಖ್ಯೆ, ಈಗ ಐದು ನಡೆಯುತ್ತಿತ್ತು. ಇದೂ ತಪ್ಪಿದರೆ ಏಳಕ್ಕೇ. ಬೆಸ ಸಂಖ್ಯೆಗೂ ಕೂಸಿನ ಆರೋಗ್ಯಕ್ಕೂ ಏನು ಸಂಬಂಧ ಎಂದು ಕ್ಲಾಸಿನಲ್ಲಾದರೆ ಒಂದು ತಾಸು ಮಾತಾಡುತ್ತಿದ್ದೆ. ಆದರೆ ನನಗೆ ಬೇರೆಯೇ ಹೆದರಿಕೆ ಇತ್ತು. ಮಗಳನ್ನು ಅಲ್ಲಿಯವರೆಗೆ ನಾನು ನೋಡಿದ್ದು ನಾಲ್ಕೇ ಸಲ. ಮೂರು ಸಲ ಅವಳು ನಿದ್ದೆಯಲ್ಲಿದ್ದಳು, ನಾಲ್ಕನೆಯ ಸಲ ನನ್ನನ್ನು ನೋಡಿ ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಅವಳ ಮುಖ ನೆನೆಯಲು ನೋಡಿದರೆ, ಊರಿನ ಎಲ್ಲ ಕೂಸುಗಳೂ ಸೇರಿ ಒಂದು ಮುಖ ಬರುತ್ತಿತ್ತು. ಇನ್ನೂ ಎರಡು ತಿಂಗಳು ಹೀಗೇ ಹೋದರೆ ಅವಳ ಪಾಲಿಗೆ ನಾನು ತಿಂಗಳಿಗೊಮ್ಮೆ ಬಂದು ಕೂಸನ್ನು ಅಳಿಸಿ ಹೋಗುವ ಕನ್ನಡಕದ ನೆಂಟನಷ್ಟೇ ಆಗಿಬಿಡುತ್ತೇನೆ ಎನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಜೀಪು ಗೊತ್ತು ಮಾಡಿದ್ದರೆ ಸಾಕಿತ್ತು. ಆದರೆ ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಒಂದು ಚಿತ್ರ ನೋಡಿಬಿಟ್ಟಿದ್ದೆ. ಕೂಸಿನ ಕುರ್ಚಿ ಅದು. ಕಾರಿನ ಸೀಟಿಗೆ ಕೊಕ್ಕೆ ಹಾಕಿ ಕೂರಿಸಬಹುದು. ಇಳಿದ ಮೇಲೆ ಅದನ್ನೇ ತೆಗೆದು ಗಾಲಿಯ ಚೌಕಟ್ಟಿಗೆ ಸಿಕ್ಕಿಸಿದರೆ ತಳ್ಳುವ ಗಾಡಿ. ಗಾಡಿ ಗಕ್ಕನೆ ನಿಂತರೆ ಮಡಿಲಲ್ಲಿರುವ ಕೂಸನ್ನು ಎಂಥ ತಾಯಿಯೂ ಹಿಡಿದಿಡಲಾರಳು ಎಂದು ಕೆಳಗೆ ಬರೆದಿತ್ತು. ಓದಿದ ಕೂಡಲೇ ನನಗೆ ಮಣ್ಣೂರಿನಿಂದ ಬರುವ ಅಫಜಲಪುರದ ರಸ್ತೆ ನೆನಪಾಯಿತು, ಅಲ್ಲಿನ ಜೀಪುಗಳು ನೆನಪಾದವು. ನನ್ನ ಹತ್ತಿರ ಇದ್ದದ್ದು ಸೈಕಲ್ಲು ಎಂಬುದೊಂದು ಮಾತ್ರ ನೆನಪಾಗಲಿಲ್ಲ. ಅವತ್ತೇ ಮಾವನವರಿಗೆ ಪತ್ರ ಬರೆದೆ: ತೊಟ್ಟಿಲು ಕೊಡುವ ಹಳೆಯ ಪದ್ಧತಿಗಾಗಿ ತಾವು ತೊಂದರೆ ತೆಗೆದುಕೊಳ್ಳಬೇಡಿ, ಕೂಸಿಗೆ ಬೇಕಾದ ಕಾರಿನ ಕುರ್ಚಿ ಎಂಬ ಸಾಧನವನ್ನು ನಾನೇ ವೈಜ್ಞಾನಿಕವಾಗಿ ಆರಿಸಿ ತರುತ್ತೇನೆ.

ಬರೆಯುವಾಗ ಇದು ಬಹಳ ಸಭ್ಯವಾದ ವಾಕ್ಯವೆನಿಸಿತ್ತು. ಚೊಚ್ಚಲ ಕೂಸಿನ ತೊಟ್ಟಿಲು ತಾಯಿಯ ತವರಿನಿಂದಲೇ ಬರಬೇಕು, ಅದನ್ನು ಬೇಡವೆಂದರೆ ಬೀಗರ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರುವುದು ಬೇಕಾದಾಗ ನೆನಪಿಗೆ ಬಾರದಿರುವುದೇ ನನ್ನ ರೋಗ. ಭಾನುವಾರ ಮಣ್ಣೂರಿಗೆ ಹೋದರೆ ಅತ್ತೆಯವರು ನೀರು ಕೊಟ್ಟರು. ಆಮೇಲೆ ಕಂಬದ ಕಡೆ ತಿರುಗಿ, “ಕೂಸಿನ ತೊಟ್ಲಾ ಅಪ್ಪನ ಮನಿಯವ್ರೇ ತಂದ್ರು ಅಂದ್ರ, ತಾಯಿ ತವರಿನವ್ರು ಸತ್ತಾರೇನು ಅಂತ ಕೇಳ್ತದ ಊರು” ಎಂದು ಕಂಬಕ್ಕೆ ತಿಳಿಸಿ ಒಳಗೆ ಹೋದರು. ಶಾಂತಾ ಬಾಗಿಲ ಸಂದಿಯಿಂದ, “ನಿಮಗ ಹಂಗ ಬರೀರಿ ಅಂತ ಯಾರ್ ಹೇಳಿದ್ರು? ಅಪ್ಪ ಎರಡು ದಿನ ರೊಟ್ಟಿ ಮುಟ್ಟಿಲ್ಲ” ಎಂದಳು. ಮಾವನವರು ಕಟ್ಟೆಯ ಮೇಲೆ ತಲೆಗೆ ರುಮಾಲು ಸುತ್ತಿಕೊಂಡು ಕೂತಿದ್ದರು. ಸುತ್ತಲ ಹತ್ತೂರಿನಲ್ಲಿ ಯಾರೇ ಎತ್ತು ಕೊಳ್ಳಬೇಕಾದರೂ ಇವರನ್ನು ಕರೆದೊಯ್ಯುತ್ತಿದ್ದರು. ಎತ್ತಿನ ವಿಷಯದಲ್ಲಿ ಅವರ ಕಣ್ಣು ಅಷ್ಟು ಖಚಿತ.

“ಅಳಿಯಾರ,” ಎಂದರು, “ನಿಮ್ಮ ಕಡಿ ಕಾರು ಯಾವಾಗ ಬಂತ್ರಿ?”

“ಕಾರು ಬಂದಿಲ್ಲರಿ ಮಾವಾರ.”

“ಮತ್ತ ಕಾರಿನ ಕುರ್ಚಿ ಯಾಕ್ರಿ?”

ತರ್ಕಶಾಸ್ತ್ರದ ಅಧ್ಯಾಪಕ ನಾನು; ಜೀಪು, ರಸ್ತೆ, ಮುಂದಕ್ಕೆ ಹಾರುವ ಕೂಸು ಎಂದು ಏನೇನೋ ಹೇಳಿದೆ. ಅವರು ಎಲ್ಲ ಕೇಳಿ, “ಕೂಸು ಮಲಗೂದು ನಾ ಕೊಡಬೇಕು. ಅದು ತೊಟ್ಲಾ ಇರಬೇಕು. ತೊಟ್ಲಾ ಇಲ್ಲದ ನನ್ನ ಮೊಮ್ಮಗಳು ಈ ಹೊಸ್ತಿಲಾ ದಾಟಂಗಿಲ್ಲ” ಎಂದರು. ಐದನೆಯ ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಅದರಲ್ಲೂ ಕೊನೆಗೆ ಅಮಾವಾಸ್ಯೆ. ಅವತ್ತು ಸುತ್ತಲಿನ ಜೀಪುಗಳೆಲ್ಲ ಘತ್ತರಗಿಗೆ ದೇವಿಯ ದರ್ಶನಕ್ಕೆ ಜನ ತುಂಬಿಕೊಂಡು ಹೋಗಿಬಿಡುತ್ತವೆ. ನಾನು ಅಂಗಲಾಚಿದೆ: ಕೊಡುವುದು ನೀವೇ ಕೊಡಿ, ಒಮ್ಮೆ ನನ್ನ ಜೊತೆ ಸೊಲ್ಲಾಪುರಕ್ಕೆ ಬಂದು ವಸ್ತುವನ್ನು ಕಣ್ಣಿಂದ ನೋಡಿ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಳಿಯನನ್ನು ಆರಿಸುವಾಗ ಕಾಲು, ಹಲ್ಲು ಸರಿಯಾಗಿ ನೋಡಲಿಲ್ಲವೇನೋ ಎಂಬ ವ್ಯಥೆ ಆ ಮುಖದಲ್ಲಿತ್ತು. ಕೊನೆಗೆ, “ನಡೀರಿ, ನೋಡೇ ಬಿಡೂನು” ಎಂದರು.

ಸೊಲ್ಲಾಪುರದ ಅಂಗಡಿಯಲ್ಲಿ ಎರಡು ಗಾಡಿಗಳಿದ್ದವು. ಒಂದು ನೀಲಿ, ಒಂದು ಹಸಿರು. ಸದ್ಯಕ್ಕೆ ಹಾಗೆಂದು ಇಟ್ಟುಕೊಳ್ಳೋಣ. ನೀಲಿಯದು ಹಗುರ, ಛತ್ರಿಯಂತೆ ಮಡಿಚುತ್ತದೆ, ಆದರೆ ಕುರ್ಚಿ ಬೇರೆಯಾಗುವುದಿಲ್ಲ. ಹಸಿರಿನದು ನಾನು ಚಿತ್ರದಲ್ಲಿ ಕಂಡ ಜಾತಿಯದು. ಕುರ್ಚಿ ಕೈಗೆ ಬರುತ್ತದೆ, ಬೆನ್ನು ಚಪ್ಪಟೆಯಾಗಿ ಮಲಗುತ್ತದೆ, ಹಿಂದೆ ಎರಡು ಕೊಕ್ಕೆ, ಮುಂದೆ ಪಟ್ಟಿ ಬಿಗಿಯಲು ಎರಡು ಉಕ್ಕಿನ ಬಳೆ. ನಾನು ನೋಟ್‌ಬುಕ್ಕಿನಲ್ಲಿ ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಕೂಸಿನ ತೂಕದಷ್ಟೇ ಜೋಳ ಅಳೆದು ಒಂದು ಚೀಲವನ್ನೂ ಒಯ್ದಿದ್ದೆ. ಅದನ್ನು ಎರಡರಲ್ಲೂ ಕೂರಿಸಿ, ಪಟ್ಟಿ ಕಟ್ಟಿ, ಓರೆ ಮಾಡಿ, ಅಲುಗಿಸಿ ನೋಡುತ್ತಿದ್ದರೆ ಅಂಗಡಿಯವನು, “ಸಾಹೇಬ್ರ, ಕೂಸು ಅದನೋ, ಇಲ್ಲಾ ಕಿರಾಣಿ ಸಾಮಾನು ಒಯ್ಯಾಕ ಬೇಕಾಗ್ಯದೋ?” ಎಂದು ವಿಚಾರಿಸಿದ.

ಮಾವನವರು ಇದಾವುದನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು, “ಜರಾ ನಡಸಿ ತೋರಸ್ರಿ” ಎಂದರು. ಅಂಗಡಿಯವನು ಹಸಿರಿನದನ್ನು ಬೀದಿಯವರೆಗೆ ತಳ್ಳಿಕೊಂಡು ಹೋಗಿ ಬಂದ. “ಮುಂದಿನ ಎಡಗಾಲು ಎಳೀತದ” ಎಂದರು. ಬಗ್ಗಿ ನೋಡಿದರೆ ನಿಜವಾಗಿಯೂ ಆ ಗಾಲಿಯ ನಟ್ಟು ಸಡಿಲಾಗಿತ್ತು. ನೀಲಿಯದನ್ನು ನಡೆಸಿದಾಗ, “ಇದರ ಖುರ ಸಣ್ಣ. ನಮ್ಮ ಎರಿ ಮಣ್ಣಾಗ ಹುಗೀತದ” ಎಂದರು. ನನ್ನ ಹನ್ನೊಂದು ಪ್ರಶ್ನೆಗಳಲ್ಲಿ ಮಣ್ಣಿನ ಪ್ರಶ್ನೆ ಇರಲಿಲ್ಲ. ಆಮೇಲೆ ಎದ್ದು ಬಂದು, ಹೆಗಲ ಮೇಲಿನ ಟವೆಲನ್ನು ಬಲಗೈ ಮೇಲೆ ಹರವಿಕೊಂಡು ಅಂಗಡಿಯವನ ಮುಂದೆ ಚಾಚಿದರು.

“ಕೈಗೇನಾತ್ರಿ ಗೌಡ್ರ?” ಅಂಗಡಿಯವನಿಗೆ ಗಾಬರಿ.

“ಕೈಗೇನೂ ಆಗಿಲ್ಲ. ನಿಮ್ಮ ಕೈ ಒಳಗ ಹಾಕ್ರಿ.”

ಅವನು ಸಹಾಯಕ್ಕಾಗಿ ನನ್ನ ಮುಖ ನೋಡಿದ. ದನದ ಪೇಟೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ ಎಂದು ವಿವರಿಸಿದೆ. “ಅಲ್ರಿ, ಚೀಟಿ ಅಂಟಿಸೀನಲ್ರಿ, ದರ ಕಾಣಾಕತ್ತದಲ್ರಿ” ಎಂದ. ಮಾವನವರಿಗೆ ನಿಜಕ್ಕೂ ಬೇಸರವಾಯಿತು. “ಹೋಗಾವ್ರು ಬರಾವ್ರಿಗೆಲ್ಲ ಕಾಣೂಹಂಗ ಮೈಮ್ಯಾಲ ದರ ಅಂಟಿಸೀರೇನು? ಅದಕ್ಕ ಮರ್ಯಾದಿ ಬ್ಯಾಡೇನ್ರಿ?” ಎಂದರು.

ಈಗ ಆರಿಸಬೇಕಾದವನು ನಾನು. ಹಸಿರಿನದರಲ್ಲಿ ಕುರ್ಚಿ ಬೇರೆಯಾಗುತ್ತದೆ, ಆದರೆ ಕಾಲು ಎಳೆಯುತ್ತದೆ. ನೀಲಿಯದು ನೆಟ್ಟಗೆ ನಡೆಯುತ್ತದೆ, ಆದರೆ ಹುಗಿಯುತ್ತದೆ. ಒಂದು ತಾಸು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ತಿರುಗಿದೆ. ಬೇರೆ ಊರಿನಲ್ಲಿ ಮೂರನೆಯ ಜಾತಿ ಇರಬಹುದೇ ಎಂದೂ ಕೇಳಿದೆ. ಅಂಗಡಿಯವನು ಕಣ್ಣು ಮುಚ್ಚಿಕೊಂಡ. ತಲೆ ತಿಳಿಯಾಗಲೆಂದು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಅಲ್ಲಿ ಕೂತ ಮೇಲೆ, ಕಾಲು ಎಳೆಯುವುದು ಹಸಿರಿನದೋ ನೀಲಿಯದೋ ಎಂಬುದೇ ಕಲಸಿಹೋಯಿತು. ನೋಟ್‌ಬುಕ್ಕು ಅಂಗಡಿಯಲ್ಲೇ ಇತ್ತು. ಎರಡನೆಯ ಚಹಾ ತರಿಸಿದೆ.

ವಾಪಸು ಬಂದರೆ ಅಂಗಡಿಯ ಮುಂದೆ ಜನ. ಒಳಗೆ ಮಾವನವರು ಬರಿತಲೆಯಲ್ಲಿ ನಿಂತಿದ್ದರು. ಅವರ ತಲೆಯನ್ನು ನಾನು ಕಂಡದ್ದು ಅದೇ ಮೊದಲು. ರುಮಾಲು ಬಿಚ್ಚಿ ಚಾವಣಿಯ ತೊಲೆಗೆ ಹಾಯಿಸಿ, ಅದರ ಎರಡು ತುದಿಗಳನ್ನು ಹಸಿರು ಕುರ್ಚಿಯ ಕೊಕ್ಕೆಗೂ ಬಳೆಗೂ ಬಿಗಿದಿದ್ದರು. ಕುರ್ಚಿ ಗಾಳಿಯಲ್ಲಿ ತೇಲುತ್ತಿತ್ತು. ಒಳಗೆ ನನ್ನ ಜೋಳದ ಚೀಲ ಮಲಗಿತ್ತು. ಅಂಗಡಿಯವನು ತೂಗುತ್ತಿದ್ದ.

“ಅಳಿಯಾರ,” ಎಂದರು ಮಾವ, ಮುಖ ತುಂಬ ನಗು, “ಇದು ತೊಟ್ಲಾ ಅದ! ಮೊದಲ ಹೇಳಬಾರದೇನ್ರಿ?”

“ಅಲ್ಲರಿ, ಕೊಕ್ಕೆ ಇರೋದು ಕಾರಿಗೆ...”

“ಯಾವುದಕ್ಕರೆ ಇರಲಿ. ನಾಕು ಕಡಿ ಹಗ್ಗ ಹಿಡೀತದ, ಸಮ ತೂಗತದ. ದುಡ್ಡು ಕೊಟ್ಟೇನಿ.”

“ಗಾಲಿ?”

“ಅದು ಮ್ಯಾಲಿಂದು, ಕೊಸರು. ಇರಲಿ ಬಿಡ್ರಿ.”

ಅಮಾವಾಸ್ಯೆಗೆ ಎರಡು ದಿನ ಮುಂಚೆ ಜೀಪು ಸಿಕ್ಕಿತು. ಓಡಿಸುವವನು ಜೇವರ್ಗಿಯ ಮೌಲಾಸಾಬ, ಅಫಜಲಪುರದಲ್ಲಿ ಇದ್ದುಕೊಂಡು ಬಾಡಿಗೆ ಮಾಡುತ್ತಿದ್ದ. ಕೂಸು ಬಾಣಂತಿಯನ್ನು ಬಿಟ್ಟು ಬರಲು ಮಾವ, ಅತ್ತೆ, ಅವರ ತಂಗಿಯರು, ಓಣಿಯ ಹೆಣ್ಣುಮಕ್ಕಳು ಎಲ್ಲ ಸೇರಿ ಹನ್ನೊಂದು ಮಂದಿ ಏರಿದರು. ನಾನು ಗಂಭೀರವಾಗಿ ಕುರ್ಚಿಯನ್ನು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಲು ಹೋದೆ. ಕೊಕ್ಕೆ ಹಿಡಿಯಲಿಲ್ಲ. ಆಗ ನೆನಪಾಯಿತು, ನಾನು ಅಳತೆ ತೆಗೆದದ್ದು ಆಳಂದದ ಡಾಕ್ಟರರ ಕಾರಿನ ಸೀಟಿನದು. ನಾವು ಹೋಗುವುದು ಜೀಪಿನಲ್ಲಿ ಎಂದು ತಿಂಗಳಿನಿಂದ ಹೇಳುತ್ತ ಬಂದವನೂ ನಾನೇ.

“ಮ್ಯಾಲಿನ ಸರಳಿಗೆ ಕಟ್ರಿ ಸಾಹೇಬ್ರ, ಆರಾಮ ಹೋಗತದ” ಎಂದ ಮೌಲಾಸಾಬ. ನಾನು ಬೇಡ ಎನ್ನುವಷ್ಟರಲ್ಲಿ ಮಾವನವರು ಹಗ್ಗ ಬಿಗಿದಾಗಿತ್ತು.

“ಗಾಡಿ ಗಕ್ಕನೆ ನಿಂತರೆ ಏನು ಗತಿಯೋ ಮಾರಾಯ?” ಎಂದೆ.

“ಗಕ್ನ ನಿಂದ್ರಾಕ ಬ್ರೇಕು ಅಷ್ಟು ಚಲೋ ಎಲ್ಲವ್ರಿ?” ಎಂದು ಅವನು ಸಮಾಧಾನ ಹೇಳಿದ.

ಉಳಿದ ಉಪಾಯ ಒಂದೇ. ಎರಡೂ ಕೈಯಿಂದ ತೊಟ್ಟಿಲ ಅಂಚು ಹಿಡಿದು, ಕಾಲು ಅಗಲಿಸಿ, ತಲೆ ಮೇಲ್ಹೊದಿಕೆಯ ಹುಡ್ಡಿಗೆ ತಾಗದಂತೆ ಬಗ್ಗಿ ನಿಂತೆ. ಪತ್ರಿಕೆಯಲ್ಲಿ ಹೇಳಿದ ಸುರಕ್ಷತೆಯ ಪಟ್ಟಿ ಎಂದರೆ ಈಗ ನಾನೇ. ಶಾಂತಾ, “ಅಷ್ಟು ಬಿಗಿ ಹಿಡೀಬ್ಯಾಡ್ರಿ, ತೂಗಾಕ ಬಿಡ್ರಿ” ಎಂದಳು. ಅವಳ ಚಿಕ್ಕಮ್ಮ, “ಹಿಡೀಲಿ ಬಿಡವ್ವಾ, ಇಷ್ಟು ದಿನ ಹಿಡದಿಲ್ಲಲ್ಲ” ಎಂದಳು. ಹನ್ನೊಂದು ಮಂದಿಯೂ ನಕ್ಕರು. ಕೂಸು ಎಚ್ಚರವಾಗಿತ್ತು. ಮಲಗಿದ್ದಲ್ಲಿಂದ ಅದಕ್ಕೆ ಕಾಣುತ್ತಿದ್ದದ್ದು ಜೀಪಿನ ಹುಡ್ಡು, ಅದರ ಕೆಳಗೆ ನನ್ನ ಮುಖ. ತಗ್ಗು ಬಂದಾಗ ಮುಖ ಹತ್ತಿರ ಬರುತ್ತಿತ್ತು, ದಿನ್ನೆ ಬಂದಾಗ ದೂರ ಹೋಗುತ್ತಿತ್ತು. ಅಫಜಲಪುರ ದಾಟುವಾಗ ಸುಮ್ಮನೆ ನೋಡುತ್ತಿತ್ತು. ಆಮೇಲೆ ಒಂದು ದೊಡ್ಡ ತಗ್ಗಿನಲ್ಲಿ ನನ್ನ ಕನ್ನಡಕ ಕಿತ್ತು ಕೈಯಲ್ಲಿಟ್ಟುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಆಳಂದದ ಮನೆಯ ಮುಂದೆ ಜೀಪು ನಿಂತು ನಾನು ಕೈ ಬಿಟ್ಟು ಸೊಂಟ ನೆಟ್ಟಗೆ ಮಾಡಲು ಹೋದರೆ ಚೀರತೊಡಗಿತು. ಮತ್ತೆ ಬಗ್ಗಿದೆ, ಸುಮ್ಮನಾಯಿತು. ಹಾಗೆಯೇ ಅರ್ಧ ಬಗ್ಗಿಕೊಂಡೇ ಅದನ್ನು ಎತ್ತಿಕೊಂಡು ಇಳಿದೆ.

ಮನೆಯ ಮಾಲಕಿ ಗಂಗಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತೊಟ್ಟಿಲನ್ನೂ ಅದರ ಹಿಂದೆ ಇಳಿದ ಗಾಲಿಗಳನ್ನೂ ನೋಡಿ, “ಅಯ್ಯ, ಏನ್ ಚಂದ ಅದರೀ! ಇಂಥಾದ್ದು ಯಾರ ಆರಿಸಿದ್ರಿ?” ಎಂದು ಕೇಳಿದಳು. ನಾನು ಮಾವನವರ ಕಡೆ ನೋಡಿದೆ. ಅವರು ರುಮಾಲು ಸರಿಪಡಿಸಿಕೊಂಡು, ಓಣಿಗೆಲ್ಲ ಕೇಳುವಂತೆ, “ಮತ್ಯಾರ್ರಿ? ನಮ್ಮ ಅಳಿಯಾರು. ಭಾಳ ಓದಿದವ್ರು, ಕೊಡಾವ ಅಷ್ಟ ನಾನು” ಎಂದರು.

ಬದನೆಕಾಯಿಗೂ ಪುರಾವೆ ಕೇಳುತ್ತಿದ್ದ ನಾನು ಆ ಮಾತಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ವಿನಯದಿಂದ ತಲೆ ಬಾಗಿಸಿದೆ; ಸೊಂಟ ಮೊದಲೇ ಬಾಗಿದ್ದರಿಂದ ಕಷ್ಟವಾಗಲಿಲ್ಲ. ಆಮೇಲೆ ಕಾಲೇಜಿನಲ್ಲಿ, ಮದುವೆ ಮನೆಗಳಲ್ಲಿ, ಮಗಳು ದೊಡ್ಡವಳಾದ ಮೇಲೆ ಅವಳಿಗೂ ಈ ಕತೆ ಎಷ್ಟೋ ಸಲ ಹೇಳಿದ್ದೇನೆ. ಈಗ ನನಗೆ ಸ್ಪಷ್ಟವಾಗಿ ನೆನಪಿದೆ: ಸೊಲ್ಲಾಪುರದ ಆ ಅಂಗಡಿಯಲ್ಲಿ ಹಸಿರಿನದರ ಮೇಲೆ ಬೆರಳಿಟ್ಟು ‘ಇದೇ’ ಎಂದವನು ನಾನೇ. ಶಾಂತಾ ಮಾತ್ರ ಪ್ರತಿ ಸಲವೂ ನಡುವೆ ಬಾಯಿ ಹಾಕಿ, “ನೀವು ಚಹಾ ಕುಡ್ಯಾಕ ಹೋಗಿದ್ರಿ” ಎನ್ನುತ್ತಾಳೆ. ಅವಳೇನೂ ಅಲ್ಲಿ ಇರಲಿಲ್ಲ. ಕಣ್ಣಾರೆ ಕಾಣದವರ ಮಾತನ್ನು, ತರ್ಕಶಾಸ್ತ್ರ ಕಲಿಸುವ ನಾನು ಹೇಗೆ ನಂಬಲಿ ಹೇಳಿ.