ಮಾಮನ ಬಂದೂಕಿನ ಮುಳ್ಳು

ಬಂದೂಕು ಇಟ್ಟುಕೊಂಡವನಿಗೆ ಊರೇ ಹೆದರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಸೋದರಮಾವನ ಹತ್ತಿರ ಲೈಸೆನ್ಸ್ ಇರುವ ಅಸಲಿ ರೈಫಲ್ಲೇ ಇದೆ. ಆದರೂ ಬಂಗಾರಪೇಟೆಯ ಇಲಿಗಳು ಕೂಡ ಅವನಿಗೆ ದಾರಿ ಬಿಡುವುದಿಲ್ಲ! ಯಾಕಾದರೂ ಬಿಟ್ಟಾವು? ಸೈನ್ಯದಿಂದ ನಿವೃತ್ತನಾಗಿ ಬಂದಾಗಿನಿಂದ ಆ ಮನುಷ್ಯ ಹೊಡೆದಿರುವುದು ಒಂದೇ ಒಂದು ಜಾತಿಯ ಪ್ರಾಣಿಯನ್ನು. ಅದರ ಹೆಸರು ಕಾಗದ.

ನನಗೆ ಅವನ ಮೇಲೆ ಕೋಪವಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಡಗಣ್ಣು ಎಷ್ಟೋ ವರ್ಷದಿಂದ ಮಂದವಾಗಿರುವ ಮನುಷ್ಯ, ಇರುವ ಒಂದು ಬಲಗಣ್ಣಿಗೆ ಪೊರೆ ಬಂದಾಗ ಏನು ಮಾಡಬೇಕು? ಆಸ್ಪತ್ರೆಗೆ ಹೋಗಬೇಕು. ಇವನು ಏನು ಮಾಡಿದ? ಬಂದೂಕಿಗೆ ಚಿಕಿತ್ಸೆ ಶುರು ಮಾಡಿದ!

ನಾನು ಸ್ಟೀಲ್ ಪಾತ್ರೆ ವ್ಯಾಪಾರದವಳು. ಬೂದಿಕೋಟೆಯಿಂದ ಕಾಮಸಮುದ್ರದವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಸೀರೆಗೆ ಡಬರಿ ಕೊಟ್ಟು ಬೆಳೆದವಳು. ಈಗ ಬಂಗಾರಪೇಟೆಯಲ್ಲಿ ನನ್ನದೇ ಅಂಗಡಿ. ಮನೆಯಲ್ಲಿರುವ ವಸ್ತು ಒಂದೋ ದುಡಿಯಬೇಕು, ಇಲ್ಲವೇ ಮಾರಾಟವಾಗಬೇಕು ಎನ್ನುವುದು ನನ್ನ ಶಾಸ್ತ್ರ. ಮಾಮನ ರೈಫಲ್ ಎರಡನ್ನೂ ಮಾಡುವುದಿಲ್ಲ. ಅಮ್ಮ ತೀರಿಕೊಂಡಾಗ, "ನಾಕ್ ದಿನ ಇದ್ದು ಓಗ್ತೀನಿ ಕಣಮ್ಮಿ" ಎಂದು ಒಂದು ಟ್ರಂಕು, ಒಂದು ಬಂದೂಕು ಹಿಡಿದುಕೊಂಡು ಬಂದ ಅಮ್ಮನ ತಮ್ಮ ಇವನು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಆ ನಾಲ್ಕು ದಿನ ಇನ್ನೂ ನಡೆಯುತ್ತಿವೆ.

ದುಡಿಯಲು ಅವಕಾಶ ಬರಲಿಲ್ಲವೆಂದಲ್ಲ. ಕಾಮಸಮುದ್ರದ ಕಡೆಯ ನೆಂಟನೊಬ್ಬ ಒಂದು ಸಲ ಕುಂಬಳಕಾಯಿ ಹೊತ್ತುಕೊಂಡು ಬಂದು ಕೈ ಮುಗಿದ. "ಮಾಮೋ, ಕಾಡಂದಿ ಕಡ್ಲೇಕಾಯಿ ಎಲ್ಲಾ ಬಗೆದಾಕ್ತಾವೆ. ಬಂದು ಒಂದ್ ಗುಂಡು ಆರಿಸ್ಬಿಡು."

"ನಾನು ಹಂದಿ ಒಡ್ಯಲ್ಲ ಕಣ್ಲಾ."

"ಯಾಕ್ ಮಾಮ, ಕಾನೂನಾ?"

"ಕಾನೂನು ಆಮ್ಯಾಕೆ. ಹಂದಿ ಓಡ್ತದೆ. ಗುಂಡು ತಪ್ಪಿದ್ರೆ ಹಂದೀದೇ ತಪ್ಪು ಅಂತ ಏಳ್ಕೋಬಹುದು. ಕಾಗ್ದ ಓಡಲ್ಲ. ತಪ್ಪಿದ್ರೆ ತಪ್ಪು ನಂದೇ."

ನೆಂಟ ಕುಂಬಳಕಾಯಿಯನ್ನು ವಾಪಸ್ ಎತ್ತಿಕೊಂಡು ಹೋದ. ಹೋಗಲಿ, ಒಂದು ಮಾತು ಚೆನ್ನಾಗಿ ಹೇಳಿದ ಎಂದುಕೊಳ್ಳೋಣ. ಚೆನ್ನಾಗಿರುವ ಮಾತಿನಿಂದ ಸಾಂಬಾರಾಗುತ್ತದೆಯೇ?

ಇನ್ನು ಅಭ್ಯಾಸದ ಕಥೆ. ಗುಂಡು ದುಬಾರಿ, ಆದ್ದರಿಂದ ದಿನಾ ಬೆಳಿಗ್ಗೆ ಖಾಲಿ ಬಂದೂಕಿನ ಅಭ್ಯಾಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ಬೋರಲು ಮಲಗಿ, ಗೋಡೆಯ ಮೇಲೆ ಇಟ್ಟ ಕಾಡಿಗೆಯ ಬೊಟ್ಟಿಗೆ ಗುರಿ ಹಿಡಿಯುತ್ತಾನೆ. ನಳಿಗೆಯ ತುದಿಯಲ್ಲಿ ಒಂದು ಹುಣಸೆ ಬೀಜ. ಟ್ರಿಗರ್ ಎಳೆದಾಗ ಬೀಜ ಬೀಳಬಾರದು. ಬಿದ್ದರೆ ಕೈ ಅಲುಗಿದೆ ಎಂದು ಅರ್ಥ. ಒಂದು ದಿನ ಮದುವೆ ಪಾತ್ರೆಗೆಂದು ಒಂದು ದೊಡ್ಡ ಕುಟುಂಬ ಬಂದಿತ್ತು. ಅವರ ಅಜ್ಜಿ ಬಚ್ಚಲು ಹುಡುಕಿಕೊಂಡು ಹಿಂದಕ್ಕೆ ಹೋದವಳು ಹೋದ ವೇಗಕ್ಕಿಂತ ಜೋರಾಗಿ ಓಡಿ ಬಂದಳು.

"ಒಳಗೆ ಯಾರೋ ಬಂದೂಕು ಇಟ್ಕೊಂಡು ಮಲಗವ್ನೆ!"

"ಖಾಲಿ ಕಣಮ್ಮಾ, ಖಾಲಿ!" ಎಂದು ಒಳಗಿನಿಂದ ಮಾಮನ ಕೂಗು. "ಮಾತಾಡಿಸ್ಬೇಡಿ, ಬೀಜ ಬೀಳ್ತದೆ!"

ಆ ಕುಟುಂಬ ಚೌಕಾಸಿಯ ಒಂದು ಮಾತೂ ಆಡದೆ, ಹೇಳಿದ ರೇಟು ಕೊಟ್ಟು ಹೊರಟುಹೋಯಿತು. ನನ್ನ ವ್ಯಾಪಾರದ ಜೀವನದಲ್ಲಿ ಅಂಥ ಗಿರಾಕಿಗಳು ಮತ್ತೆ ಸಿಕ್ಕಿಲ್ಲ. ಆದರೆ ಅವರ ನೆಂಟರು ಯಾರೂ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ವ್ಯಾಪಾರ ಮಾಡುವವರು ನೆನಪಿಟ್ಟುಕೊಳ್ಳಿ: ಚೌಕಾಸಿ ಮಾಡದ ಗಿರಾಕಿ ಕೋಪಿಸಿಕೊಂಡ ಗಿರಾಕಿ.

ಇಷ್ಟೆಲ್ಲ ತಪಸ್ಸು ಯಾವುದಕ್ಕೆ? ಕೆ.ಜಿ.ಎಫ್.ನಲ್ಲಿ, ಮೈಸೂರು ಮೈನ್ಸ್ ಆಚೆ, ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡಕ್ಕೆ ಮುಖ ಮಾಡಿ ಒಂದು ಪುಟ್ಟ ಕ್ಲಬ್ಬಿನವರು ವರ್ಷಕ್ಕೊಂದು ಸಲ ಗುರಿ ಸ್ಪರ್ಧೆ ಇಡುತ್ತಾರೆ. ಇನ್ನೂರು ಮೀಟರ್ ದೂರ, ದುರ್ಬೀನು ಇಲ್ಲ. ಗುರಿ ಹಿಡಿಯಲು ಬಂದೂಕಿನ ಮೇಲಿರುವ ಕಬ್ಬಿಣದ ಮುಳ್ಳೇ ಗತಿ. ಮಾಮ ಅದನ್ನು ಎಷ್ಟೋ ಸಲ ಗೆದ್ದಿದ್ದಾನೆ. ಬಹುಮಾನ ಏನು ಗೊತ್ತೇ? ಸ್ಟೀಲ್ ಲೋಟ! ಪಾತ್ರೆ ಅಂಗಡಿಯವಳ ಮನೆಗೆ! ಅದೂ ಕ್ಲಬ್ಬಿನ ಸೆಕ್ರೆಟರಿ ನನ್ನ ಅಂಗಡಿಯಿಂದಲೇ ಜಗಳವಾಡಿ ಕಡಿಮೆ ರೇಟಿಗೆ ಒಯ್ದದ್ದು!

ನಾನೂ ಸುಮ್ಮನಿರಲಿಲ್ಲ. ದುಡ್ಡಿನ ಬಹುಮಾನವಿರುವ ಬೇರೆ ಸ್ಪರ್ಧೆಗಾದರೂ ಹೋಗಲಿ ಎಂದು ಬೆಂಗಳೂರಿನಲ್ಲಿ ಒಬ್ಬನ ಹತ್ತಿರ ಒಳ್ಳೆಯ ದುರ್ಬೀನನ್ನು ಅರ್ಧ ಬೆಲೆಗೆ ಇಳಿಸಿ ಬಂದೆ. ಮಾಮ ಮೂಗು ಮುರಿದ.

"ದುರ್ಬೀನು ಆಕಿದ್ರೆ ಕಾಗ್ದ ಮೂಗಿನ ತಾವ್ಕೇ ಬತ್ತದೆ. ಮೂಗಿನ ತಾವ ಇರೋದನ್ನ ಒಡ್ಯೋದು ಏನ್ ದೊಡ್ಡಸ್ತಿಕೆ?" ಎಂದು ಪಾಠ ಶುರು ಮಾಡಿದ. "ನೋಡಮ್ಮಿ, ಕಣ್ಣಿನ ಅತ್ರ ಒಂದು ಕಚ್ಚು, ನಳಿಗೆ ತುದೀಲಿ ಒಂದು ಮುಳ್ಳು, ಅಗೋ ಅಲ್ಲಿ ಗುರಿ. ಮೂರನ್ನೂ ನೋಡ್ತೀನಿ ಅನ್ನೋನು ಒಂದನ್ನೂ ನೋಡಲ್ಲ. ಕಣ್ಣು ಮುಳ್ಳಿನ ಮ್ಯಾಲೆ ಇರ್ಬೇಕು. ಗುರಿ ಮಸುಕಾಗೇ ಇರ್ಲಿ, ಪರವಾಗಿಲ್ಲ."

ಹೊಡೆಯಬೇಕಾದದ್ದನ್ನೇ ನೋಡಬಾರದಂತೆ! ಇಂಥ ಶಾಸ್ತ್ರ ಹೇಳುವವನ ಜೊತೆ ವಾದ ಮಾಡುವುದುಂಟೇ?

ಆದರೆ ಹೋದ ವರ್ಷದಿಂದ ಆ ಮುಳ್ಳೇ ಮಸುಕಾಗತೊಡಗಿತು. ಮುಳ್ಳಿಗೆ ಬಿಸಿಲು ಬಿದ್ದು ಹೊಳೆದರೆ ಗುರಿ ಕೆಡುತ್ತದೆ, ಅದಕ್ಕೆ ಮಸಿ ಹಿಡಿಸುವುದು ಹಳೇ ಪದ್ಧತಿ. ಮಾಮನ ಪ್ರಕಾರ ದೋಷ ಕಣ್ಣಿನದಲ್ಲ, ಮಸಿಯದು! ಗಣಿಯಲ್ಲಿ ದುಡಿದ ಹಳೇ ಸ್ನೇಹಿತನೊಬ್ಬನಿಂದ ಕಾರ್ಬೈಡ್ ದೀಪ ತಂದ. ಅದರ ಹೊಗೆಯ ಮಸಿಗೆ ಸಮಾನವಾದದ್ದು ಇಲ್ಲವಂತೆ. ಕಾರ್ಬೈಡ್ ಹುಡುಕಿಕೊಂಡು ಮಾವಿನ ಮಂಡಿಗೆ ಹೋದ. ಸೈನಿಕರ ಕ್ರಾಪು, ಇಸ್ತ್ರಿ ಮಾಡಿದ ಅಂಗಿ, "ಹಣ್ಣು ಮಾಗ್ಸೋ ಕಾರ್ಬೈಡ್ ಐತಾ?" ಎನ್ನುವ ಪ್ರಶ್ನೆ. ಕಾರ್ಬೈಡಿನಲ್ಲಿ ಹಣ್ಣು ಮಾಗಿಸಿದರೆ ಸರ್ಕಾರ ಹಿಡಿಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಮಂಡಿಯವನು ಬೆವೆತುಹೋದ.

"ಲೇದು ಸಾರ್, ಲೇದು! ನಮ್ದೆಲ್ಲ ಒಣ ಉಲ್ಲಲ್ಲಿ ಮಾಗಿದ್ದು! ತಿಂದು ನೋಡಿ ಸಾರ್!" ಎಂದು ಒಂದು ಬುಟ್ಟಿ ಹಣ್ಣು ಆಟೋಗೆ ಹಾಕಿಯೇ ಕಳಿಸಿದ.

ಮಾಮ ಬುಟ್ಟಿ ಸಮೇತ ಬಂದು, "ಈ ಊರ್ನಾಗೆ ಹಣ್ಣು ಕೇಳ್ದೇ ಕೊಡ್ತಾರೆ, ಬೇಕಾದ್ದು ಕೊಡಲ್ಲ" ಎಂದು ಬೈದ. ಕೊನೆಗೆ ಎಲ್ಲಿಂದಲೋ ಕಾರ್ಬೈಡ್ ತಂದ. ದೀಪ ಹಚ್ಚಿದ. ಎಲ್ಲಿ? ನನ್ನ ಗೋಡೌನಿನಲ್ಲಿ! ಹೊಸ ಪಾತ್ರೆಗಳ ರಾಶಿಯ ಪಕ್ಕ! ಮುಳ್ಳಿಗೆ ಎಷ್ಟು ಮಸಿ ಹಿಡಿಯಿತೋ ತಿಳಿಯದು. ನನ್ನ ಇಡ್ಲಿ ಪಾತ್ರೆಗಳೆಲ್ಲ ಮೂರು ತಲೆಮಾರು ಸೌದೆ ಒಲೆ ಕಂಡಂತಾದವು. ಅವತ್ತು ನಾನು ಕಿರುಚಿದ್ದು ರೈಲ್ವೆ ಸ್ಟೇಷನ್ನಿಗೆ ಕೇಳಿಸಿರಬೇಕು.

"ಮಾಮ, ಕಣ್ಣಿಗೆ ಪೊರೆ ಬಂದಿದೆ! ಬಂದೂಕಿಗಲ್ಲ!"

"ಕಣ್ಣು ಚೆನ್ನಾಗೈತೆ. ಈಗಿನ ಕಾರ್ಬೈಡು ಕಲಬೆರಕೆ."

ಹಾಗೆಂದುಕೊಂಡೇ ಸ್ಪರ್ಧೆಗೆ ಹೋದ. ನಾನೂ ಹೋದೆ. ಮಾಮ ಚಾಪೆಯ ಮೇಲೆ ಮಲಗಿ, ಉಸಿರು ಅರ್ಧ ಬಿಟ್ಟು ಹಿಡಿದು, ಒಂದೊಂದೇ ಗುಂಡು ಹಾರಿಸಿದ. ಕಾಗದ ಬಂತು. ಅದರಲ್ಲಿ ಒಂದೂ ತೂತಿಲ್ಲ! ಪಕ್ಕದವನ ಕಾಗದ ಬಂತು. ಅದರಲ್ಲಿ ಅವನು ಹೊಡೆದದ್ದಕ್ಕಿಂತ ಹೆಚ್ಚು ತೂತು!

ಸೆಕ್ರೆಟರಿ ತಲೆ ಕೆರೆದುಕೊಂಡರು. "ಎನ್ನಾ ಅಂಕಲ್, ಪಕ್ಕದ ಪೇಪರ್ ಮೇಲೆ ಪೋಟ್ಟುಟ್ಟೀಂಗ, ಹೊಡೆದ್ಬಿಟ್ರಿ! ಎಲ್ಲಾ ಗುಂಡೂ ಒಂದೇ ಕಡೆ, ಸೂಪರ್ ಗ್ರೂಪು. ಆದ್ರೆ ಅಡ್ರೆಸ್ ತಪ್ಪು!"

ಸುತ್ತ ನಿಂತವರು ನಕ್ಕರು. ನನಗೆ ಅವರ ಮೇಲೂ ಕೋಪ ಬಂತು. ನಮ್ಮ ಮನೆಯವನನ್ನು ನೋಡಿ ನಗಲು ನಾನಿದ್ದೇನೆ, ಇವರ್ಯಾರು? ಸೆಕ್ರೆಟರಿ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದು, ಕಣ್ಣಿನ ಡಾಕ್ಟರು ಸರಿ ಎಂದು ಬರೆದುಕೊಡುವವರೆಗೆ ಮಾಮನನ್ನು ಚಾಪೆಯ ಮೇಲೆ ಮಲಗಲು ಬಿಡುವುದಿಲ್ಲ ಎಂದರು.

ವಾಪಸ್ ಬಸ್ಸು ಹತ್ತಿದೆವು. ಬಂಗಾರಪೇಟೆ ಹತ್ತಿರ ಬಂದಾಗ ಮಾಮ ಹೇಳಿದ: "ಮುಳ್ಳು ಎಲ್ಡ್ ಕಾಣ್ತವೆ ಕಣಮ್ಮಿ. ಯಾವ್ದು ನಿಜ ಅಂತ ಗೊತ್ತಾಗಲ್ಲ. ಕಣ್ಣು ಸರಿಯಾಗ್ದಿದ್ರೆ ಬಂದೂಕು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸ್ಬಿಡ್ತೀನಿ."

ನಾನು ಕುಣಿದಾಡಬೇಕಿತ್ತು. ಪೀಡೆ ತೊಲಗಿತು ಎಂದು ತೆಂಗಿನಕಾಯಿ ಒಡೆಯಬೇಕಿತ್ತು. ಅದರ ಬದಲು, "ಒಪ್ಪಿಸ್ತಾನಂತೆ! ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡು!" ಎಂದು ಇಡೀ ಬಸ್ಸು ತಿರುಗಿ ನೋಡುವಂತೆ ಬೈದೆ.

ಆಸ್ಪತ್ರೆಗೆ ಅವನು ಒಂದು ಬಿದಿರು ಕಡ್ಡಿ ತಂದಿದ್ದ. ಬಂದೂಕನ್ನು ಒಳಗೆ ಬಿಡುವುದಿಲ್ಲವಲ್ಲ! ಕೆನ್ನೆಯಿಂದ ಮುಳ್ಳಿನವರೆಗಿನ ದೂರಕ್ಕೆ ಸರಿಯಾಗಿ ಕತ್ತರಿಸಿ, ತುದಿಗೆ ಒಂದು ಮೊಳೆ ಹೊಡೆದಿದ್ದ. ಡಾಕ್ಟರು ಚಿಕ್ಕ ಹುಡುಗಿ, ನಗುಮುಖದವಳು.

"ತಾತ, ದೂರದ್ದು ಚೆನ್ನಾಗಿ ಕಾಣೋ ಲೆನ್ಸ್ ಹಾಕ್ತೀವಿ. ಬಸ್ಸಿನ ಬೋರ್ಡೆಲ್ಲ ಸಲೀಸಾಗಿ ಓದ್ಬಹುದು."

"ಬಸ್ಸಿಂದು ಕಂಡಕ್ಟ್ರು ಕೂಗ್ತಾನೆ. ದೂರ ಬ್ಯಾಡ."

"ಹಾಗಾದ್ರೆ ಹತ್ತಿರದ್ದಾ? ಪೇಪರ್ ಓದೋಕೆ?"

"ಪೇಪರ್ ಓದಾಕಲ್ಲ ತಾಯಿ, ಒಡ್ಯಾಕೆ!" ಎಂದು ಕಡ್ಡಿಯನ್ನು ಕೆನ್ನೆಗಿಟ್ಟು ಮೊಳೆ ತೋರಿಸಿದ. "ಇಲ್ಲಿ ಕಾಣ್ಬೇಕು. ಇದಕ್ಕಿಂತ ಒಂದ್ ಗೇಣು ಆಚೆ ಬ್ಯಾಡ, ಈಚೆ ಬ್ಯಾಡ."

ಆ ಹುಡುಗಿ ನಕ್ಕುಬಿಡುತ್ತಾಳೆ ಎಂದುಕೊಂಡೆ. ಇಲ್ಲ! ಟೇಪು ತಂದು ಕಡ್ಡಿಯನ್ನು ಅಳೆದಳು. ಹಾಗೆಯೂ ಲೆಕ್ಕ ಹಾಕಿ ಲೆನ್ಸ್ ಕೂರಿಸಬಹುದು, ಆದರೆ ರಸ್ತೆಗಿಳಿಯಲು ಒಂದು ಕನ್ನಡಕ, ಓದಲು ಇನ್ನೊಂದು ಕನ್ನಡಕ ಬೇಕಾಗುತ್ತದೆ ಎಂದಳು. ಮಾಮ, "ಆಗ್ಲಿ" ಎಂದ. ದುಡ್ಡು ಕೊಡುವವಳು ಆಗಲಿ ಎನ್ನಬೇಡವೇ? ಕೌಂಟರಿಗೆ ಹೋಗಿ ಜಗಳ ತೆಗೆದೆ.

"ದೂರಾನೂ ಕಾಣಲ್ಲ, ಹತ್ತಿರಾನೂ ಕಾಣಲ್ಲ. ಅರ್ಧ ದೂರಕ್ಕೆ ಅರ್ಧ ರೇಟು ಹಾಕಿ!"

"ಮೇಡಂ, ಹಾಗೆಲ್ಲ ಇಲ್ಲ."

"ನಮ್ಮಲ್ಲಿ ಕುಕ್ಕರ್ ತಗೊಂಡ್ರೆ ಸೌಟು ಕೊಡ್ತೀವಿ. ನೀವೇನ್ ಕೊಡ್ತೀರಿ?"

"ಕಪ್ಪು ಕನ್ನಡಕ ಕೊಡ್ತೀವಿ ಮೇಡಂ."

"ಅದು ಎಲ್ಲರಿಗೂ ಕೊಡೋದೇ ತಾನೆ!"

ಕೊನೆಗೆ ಸ್ವಲ್ಪ ಇಳಿಸಿಯೇ ಬಂದೆ. ಕೇಳಿದರೆ ಇಳಿಯದ ರೇಟು ಯಾವುದೂ ಇಲ್ಲ, ಆಸ್ಪತ್ರೆಯೆಂದು ನಾಚಿಕೊಳ್ಳಬೇಡಿ.

ಆಪರೇಷನ್ನಿನ ಮರುದಿನ ಪಟ್ಟಿ ಬಿಚ್ಚಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿ ಎಂದರು.

"ಗೋಡೆ ಐತೆ ಅಂತ ಗೊತ್ತಾಗ್ತದೆ" ಎಂದ ಮಾಮ, ಬಹಳ ಸಂತೋಷದಿಂದ.

ನನ್ನ ತಲೆ ಕೆಟ್ಟುಹೋಯಿತು. ಡಾಕ್ಟರು ಅತ್ತ ಹೋದದ್ದೇ ತಡ, ಅವನ ಮಂಚದ ಎದುರು, ಆ ಬಿದಿರು ಕಡ್ಡಿಯಷ್ಟು ದೂರದಲ್ಲಿ ನಿಂತು ಶುರು ಮಾಡಿದೆ. "ಮನೆಗೆ ಹೋಗೋ ದಾರಿ ಕಾಣದಿದ್ರೂ ಮೊಳೆ ಕಾಣ್ಬೇಕು! ಆಯ್ತಾ ಈಗ ತೃಪ್ತಿ? ಒಂದು ದಿನವಾದರೂ ನನ್ನ ಮಾತು ಕೇಳಿದ್ದೀಯಾ? ಆ ಹಾಳು ಬಂದೂಕು ಬಿಟ್ಟು ಜಗತ್ತಿನಲ್ಲಿ ಬೇರೆ ಏನಾದರೂ ನಿನ್ನ ಕಣ್ಣಿಗೆ ಬೀಳ್ತದಾ..."

ಮಾಮ ನನ್ನನ್ನೇ ನೋಡುತ್ತಿದ್ದ. ಹುಬ್ಬು, ಕೆನ್ನೆ, ಕಿವಿಯ ಪಕ್ಕದ ನೆರೆಗೂದಲು, ಒಂದೊಂದನ್ನೂ ನಿಧಾನವಾಗಿ.

"ಅಕ್ಕನ ವಯಸ್ಸು ಆಗೋಯ್ತಲ್ಲಮ್ಮಿ ನಿಂಗೆ" ಎಂದ. "ಅವಳು ತೀರ್ಕೊಂಡಾಗ ಇಂಗೇ ಇದ್ಲು. ಇಂಗೇ ಬಯ್ತಿದ್ಲು."

ಮಾಮ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದ. ನರ್ಸ್ ಬಂದು, "ಸ್ವಲ್ಪ ಪಕ್ಕಕ್ಕೆ ಸರೀರಿ ಮೇಡಂ" ಎಂದಳು. ನಾನು ಸರಿಯಲಿಲ್ಲ. ಒಂದು ಹೆಜ್ಜೆ ಹಿಂದಿಟ್ಟರೂ ಅವನಿಗೆ ನಾನು ಮಸುಕಾಗಿಬಿಡುತ್ತಿದ್ದೆ.