ನಮ್ಮನೆ ಜಗಲಿಯ ಮಾತಿನ ಕ್ಲಾಸು

ನಮ್ಮ ಯಜಮಾನರಿಗೆ ಮಾತು ಬರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಅವರು ರಿಟೈರ್ ಆದಮೇಲೆ. ಅದೂ ಹೇಗೆ? ಹೆಣ್ಣುಮಕ್ಕಳ ಹತ್ರ ಹೇಗೆ ಮಾತಾಡಬೇಕು ಅಂತ ಸುತ್ತಮುತ್ತಲ ಹಳ್ಳಿ ಹುಡುಗರಿಗೆ ಜಗಲಿ ಮೇಲೆ ಕೂತು ಪಾಠ ಹೇಳ್ತಿದ್ದಾಗ! ನಗಬೇಡಿ. ನಗೋರು ಯಾರಾದ್ರೂ ಇದ್ರೆ ಬಂದು ಈ ಮನುಷ್ಯನ ಜೊತೆ ಒಂದು ವಾರ ಸಂಸಾರ ಮಾಡಿ, ಆಮೇಲೆ ನಗಿ.

ಅವರ ಹೆಸರೇನು ಅಂತೀರಾ? ಹೇಳಲ್ಲ. ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಹೇಳೋ ರೂಢಿ ಇಲ್ಲ. ಬ್ಯಾಂಕಿನವರು ಕೇಳಿದ್ರೂ ಆಧಾರ್ ಕಾರ್ಡ್ ಮುಂದಕ್ಕೆ ತಳ್ಳಿ ಸುಮ್ನಾಗ್ತೀನಿ. ಜೀವನದಲ್ಲಿ ಒಂದೇ ಸಲ ಹೇಳಿದ್ದೀನಿ, ಮದುವೆಯಾಗಿ ಅನುಗೊಂಡನಹಳ್ಳಿ ಪಕ್ಕದ ಈ ಮನೆ ಹೊಸ್ತಿಲ ಮೇಲೆ ನಿಂತಾಗ. ಗೊತ್ತಲ್ಲ ನಿಮಗೆ, ಹೊಸ ಜೋಡಿ ಒಳಗೆ ಬರೋ ಮುಂಚೆ ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳಿ, ಬಿಡ್ತೀವಿ" ಅಂತ ಸತಾಯಿಸ್ತಾರೆ. ನಾನು ನಾಚ್ಕೊಂಡು, ಸೆರಗು ಕಚ್ಕೊಂಡು, ಅಂತೂ ಹೇಳಿದೆ. ಆಮೇಲೆ ಇವರ ಸರದಿ. ಇವರು ನಿಂತ್ರು ನೋಡಿ! ಆರತಿ ತಟ್ಟೆ ಹಿಡ್ಕೊಂಡಿದ್ದೋರ ಕೈ ನೋವು ಬಂತು. ಬೀಗರು ಆಕಳಿಸಿದ್ರು. ಇವರ ಬಾಯಿಂದ ಗಾಳಿ ಕೂಡ ಹೊರಡಲಿಲ್ಲ. ಕೊನೆಗೆ ನಮ್ಮ ದೊಡ್ಡ ನಾದಿನಿಗೆ ಸಾಕಾಗಿಹೋಗಿ, "ಬಿಡ್ರೇ, ಇವನು ಹೆಸರು ಹೇಳೋ ಹೊತ್ತಿಗೆ ಮೊಮ್ಮಕ್ಕಳಾಗಿರ್ತವೆ!" ಅಂದು ಬೆನ್ನ ಮೇಲೆ ಕೈಯಿಟ್ಟು ಒಳಗೆ ತಳ್ಳಿಬಿಟ್ರು. ಎಲ್ಲರೂ ಗೊಳ್ಳಂತ ನಕ್ಕರು. ನಾನೂ ನಕ್ಕೆ. ಇವತ್ತಲ್ಲ ನಾಳೆ ಹೇಳ್ತಾರೆ ಬಿಡು ಅಂದ್ಕೊಂಡೆ.

ಮೊಮ್ಮಗು ಆಯ್ತು. ಹೆಸರು ಬರಲಿಲ್ಲ.

ಮೊದಮೊದಲು ನಾನು "ಏ" ಆಗಿದ್ದೆ. ಸ್ವಲ್ಪ ಬಡ್ತಿ ಸಿಕ್ಕಿ "ಇವಳೇ" ಆದೆ. ಮಗಳು ಹುಟ್ಟಿದ ಮೇಲೆ "ರೂಪನ ಅಮ್ಮ". ಅವರ ಮೊಬೈಲಲ್ಲಿ ನನ್ನ ನಂಬರು ಯಾವ ಹೆಸರಲ್ಲಿದೆ ಗೊತ್ತಾ? "ಮನೆ"! ಹಾಲಿನ ಡೈರಿಯವನಿಗೆ ಹೆಸರಿದೆ, ಗ್ಯಾಸ್ ಸಿಲಿಂಡರಿನವನಿಗೆ ಹೆಸರಿದೆ, ಅಡ್ಡಹೆಸರೂ ಇದೆ. ನಾನು ಮಾತ್ರ ಇಟ್ಟಿಗೆ, ಸಿಮೆಂಟು, ಹೆಂಚು.

ಇಂಥವರು ಗುರುಗಳಾಗಿದ್ದು ಹೇಗೆ ಅಂತ ಕೇಳಿ. ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಇವರಿಗೆ ಕೆಲಸ ಇತ್ತು. ಅಲ್ಲಿ ಕ್ಯಾಂಟೀನಲ್ಲಿ ಯಾರ ಜೊತೆಗೂ ಸೇರದ ಹುಡುಗರು ಒಬ್ಬೊಬ್ಬರಾಗಿ ಬಂದು ಇವರ ಟೇಬಲ್ಲಿಗೇ ಕೂರ್ತಿದ್ದರಂತೆ. ಯಾಕಂದ್ರೆ ಈ ಮನುಷ್ಯ ಏನೂ ಕೇಳಲ್ಲ! ಊರು ಯಾವುದು, ಜನ ಯಾರು, ಮದುವೆ ಯಾವಾಗ, ಒಂದೂ ಇಲ್ಲ. ತಟ್ಟೆ ನೋಡ್ಕೊಂಡು ಮುದ್ದೆ ಮುರೀತಾ ಕೂತಿರ್ತಾರೆ. ಹಾಗೆ ಕೂತೂ ಕೂತೂ ಒಂದು ದಿನ ಒಬ್ಬ ಹುಡುಗ ಬಾಯಿ ಬಿಟ್ಟ: "ಸರ್, ನನಗೆ ಒಬ್ರೂ ಫ್ರೆಂಡ್ಸ್ ಇಲ್ಲ. ಹೇಗೆ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ." ಇವರು ಏನು ಹೇಳಿದ್ರೋ ದೇವರಿಗೇ ಗೊತ್ತು, ಅವನಿಗೊಬ್ಬ ಗೆಳೆಯ ಸಿಕ್ಕಿಬಿಟ್ಟ. ಸುದ್ದಿ ಹಬ್ಬಿತು, ಹೆಣ್ಣುಮಕ್ಕಳ ಹತ್ರ ಮಾತಾಡೋಕೆ ಬರದ ಹುಡುಗರೂ ಹುಡುಕ್ಕೊಂಡು ಬಂದ್ರು. ರಿಟೈರ್ ಆದಮೇಲೆ ಭಾನುವಾರ ಬಂತಂದ್ರೆ ನಮ್ಮನೆ ಮುಂದೆ ಬೈಕುಗಳ ಸಾಲು. ಕೆಲವರನ್ನ ಅಪ್ಪ ಅಮ್ಮಂದಿರೇ ಕರ್ಕೊಂಡು ಬರ್ತಾರೆ. "ನಮ್ಮೋನು ಬಂಗಾರದಂಥ ಹುಡುಗ ಸಾರ್, ನಾಲ್ಕು ಜನದ ಮಧ್ಯೆ ಬಿಟ್ರೆ ಮಾತ್ರ ಕಲ್ಲಾಗ್ಬಿಡ್ತಾನೆ" ಅಂತಾರೆ. ನಾನು ಒಳಗಿಂದ "ಕಲ್ಲಿನ ಹತ್ರಾನೇ ಕರ್ಕೊಂಡು ಬಂದಿದ್ದೀರಿ ಬಿಡಿ" ಅಂತ ಗೊಣಗ್ತೀನಿ.

ಮೊದಲನೇ ಕ್ಲಾಸನ್ನ ಕಿಟಕಿ ಹಿಂದೆ ನಿಂತು ಕೇಳಿಸ್ಕೊಂಡೆ. ನಮ್ಮನೆ ಕಿಟಕಿ, ನಾನು ಎಲ್ಲಿ ಬೇಕಾದ್ರೂ ನಿಲ್ತೀನಿ. ಇವರು ನಿಧಾನವಾಗಿ, ಒಂದೊಂದೇ ಮಾತು ಪೋಣಿಸ್ತಾ ಹೇಳ್ತಿದ್ರು: "ಮೊದಲು ಹೆಸರು ಹಿಡಿದು ಕರೀಬೇಕು ಕಣಪ್ಪ. ಆಗ ಅವ್ರಿಗೆ ಗೊತ್ತಾಗುತ್ತೆ, ಇವನು ಗೋಡೆ ಜೊತೆ ಮಾತಾಡ್ತಿಲ್ಲ, ನನ್ ಜೊತೇಲೇ ಮಾತಾಡ್ತಿದ್ದಾನೆ ಅಂತ."

ಅಂದ್ರೆ ಇಷ್ಟು ವರ್ಷ ನಾನು ಗೋಡೆ! ಈ ಮನುಷ್ಯನಿಗೆ ಗೊತ್ತಿದೆ! ಗೊತ್ತಿಲ್ಲದೆ ಮಾಡಿದ್ರೆ ಕ್ಷಮಿಸಬಹುದಿತ್ತು. ಎಲ್ಲ ಗೊತ್ತಿದ್ದೂ, ಊರವರಿಗೆಲ್ಲ ಹಂಚಿ, ನನಗೆ ಮಾತ್ರ ಖಾಲಿ ಪಾತ್ರೆ! ದೇವರಾಣೆ, ಆವತ್ತು ಸಾರಿಗೆ ಉಪ್ಪು ಹಾಕಲಿಲ್ಲ. ಬೇಕಂತಲೇ ಹಾಕಲಿಲ್ಲ. ಇವರು ಹಾಗೇ ಉಂಡು ಎದ್ದು ಹೋದ್ರು, "ಉಪ್ಪಿಲ್ಲ" ಅನ್ನೋ ಒಂದು ಮಾತೂ ಆಡಲಿಲ್ಲ.

ಪಾಠ ಆದಮೇಲೆ ಪ್ರಾಕ್ಟೀಸ್ ಬೇಡವೇ? ಪ್ರಾಕ್ಟೀಸಿಗೆ ನಾನು! "ಒಳಗೆ ಅವಳಿದ್ದಾಳೆ, ಹೋಗಿ ಮಾತಾಡಿಸ್ಕೊಂಡು ಬಾ" ಅಂತ ಒಬ್ಬೊಬ್ಬರನ್ನೇ ಅಡುಗೆಮನೆಗೆ ಕಳಿಸೋರು. ಹಾಗೆ ಬಂದವನು ಚಂದ್ರು. ಪಿಲ್ಲಗುಂಪೆಯಲ್ಲಿ ಮೆಷಿನ್ ನೋಡ್ಕೊಳ್ಳೋ ಕೆಲಸ, ಒಳ್ಳೇ ಸಂಬಳ, ಲಕ್ಷಣವಾದ ಮುಖ. ಆದ್ರೆ ಯಾರ ಕಣ್ಣಿಗೂ ಕಣ್ಣು ಕೊಡಲ್ಲ, ಗದ್ದಲ ಆದ್ರೆ ಕಿವಿ ಮುಚ್ಕೋತಾನೆ, ಬಾಯಿ ಬಿಟ್ರೆ ಬೋರ್‌ವೆಲ್ ಬಿಟ್ಟು ಬೇರೆ ವಿಷಯ ಇಲ್ಲ. ಹೊಸಕೋಟೆ ತಾಲ್ಲೂಕಲ್ಲಿ ಯಾರ ಹೊಲದಲ್ಲಿ ಎಷ್ಟು ಅಡಿಗೆ ನೀರು ಬಂತು, ಯಾರದ್ದು ಫೇಲ್ ಆಯ್ತು, ಎಲ್ಲಾ ನಾಲಿಗೆ ತುದೀಲೇ! ಜೊತೆಯವರು ಟೀ ಕುಡಿಯೋಕೆ ಕರೆದ್ರೆ ಗ್ಲಾಸು ಖಾಲಿಯಾಗೋ ಹೊತ್ತಿಗೆ ಮೂರು ಊರಿನ ಬೋರ್ ಕೊರೆದು ಮುಗಿಸಿರ್ತಿದ್ದ. ಆಮೇಲೆ ಯಾರೂ ಕರೀತಿರಲಿಲ್ಲ. ಅದಕ್ಕೇ ಇವರು ಕಟ್ಟುನಿಟ್ಟಾಗಿ ಹೇಳಿದ್ರು: ಬೋರ್‌ವೆಲ್ ಮಾತು ಎತ್ತಬಾರದು, ಎದುರಿಗಿರೋರ ವಿಷಯ ಕೇಳಬೇಕು.

ಮೊದಲ ದಿನ ನಾನು ಮುದ್ದೆ ತಿರುವ್ತಿದ್ದೆ. ಅಕ್ಕಪಕ್ಕದವರ ಹತ್ರ ನನ್ನ ಹೆಸರು ಕೇಳ್ಕೊಂಡು ಬಂದಿದ್ನೇನೋ, ಹಿಂದೆ ಬಂದು ನಿಂತು, "ಸರೋಜಾ ಆಂಟಿ, ಇವತ್ತು ನಿಮ್ಮ ಮನಸ್ಸು ಹೇಗಿದೆ?" ಅಂದ.

ಹಿಟ್ಟಿನ ಕೋಲು ಕೈ ಜಾರಿತು. "ಏನಪ್ಪಾ ಹಾಗಂದ್ರೆ?"

"ಖುಷಿಯಾಗಿದ್ದೀರಾ, ಬೇಜಾರಾಗಿದ್ದೀರಾ, ಸುಸ್ತಾಗಿದ್ದೀರಾ?" ಹಾಗನ್ನುತ್ತಾ ನನ್ನ ಹಣೆಯನ್ನೇ ದಿಟ್ಟಿಸಿ ನೋಡ್ತಾ ನಿಂತ. ಏನೋ ಅಂಟಿರಬೇಕು ಅಂತ ಸೆರಗಲ್ಲಿ ಒರೆಸ್ಕೊಂಡೆ. ಮತ್ತೆ ನೋಡಿದ, ಮತ್ತೆ ಒರೆಸ್ಕೊಂಡೆ. ಕುಂಕುಮ ಪೂರ್ತಿ ಅಳಿಸಿಹೋದ ಮೇಲೆ ಹೇಳ್ತಾನೆ, "ಕಣ್ಣು ನೋಡೋಕೆ ಕಷ್ಟ ಆದ್ರೆ ಕುಂಕುಮ ನೋಡು ಅಂತ ಸರ್ ಹೇಳಿಕೊಟ್ರು ಆಂಟಿ. ಈಗ ಎಲ್ಲಿ ನೋಡ್ಲಿ?"

ನಗು ಬಂತು. ಆದ್ರೂ ಒಂದು ಮಾತು ಹೇಳ್ತೀನಿ. ನನ್ನ ಮನಸ್ಸು ಹೇಗಿದೆ ಅಂತ ಅಲ್ಲಿವರೆಗೂ ಒಬ್ಬರೂ ಕೇಳಿರಲಿಲ್ಲ. ಕಲಿಸಿ ಕಳಿಸಿದ್ದು ಯಾರು ಅಂತ ನೆನಪಾದಾಗ ಮಾತ್ರ ಮೈಯೆಲ್ಲ ಉರಿದುಹೋಯ್ತು.

ಉರಿ ಅಲ್ಲಿಗೆ ನಿಂತಿದ್ರೆ ಚೆನ್ನಾಗಿತ್ತು. ಕುಂದಾಣದ ಕಡೆಯಿಂದ ಪವಿತ್ರ ಅನ್ನೋ ಹುಡುಗಿಯನ್ನ ಅವಳ ಅಣ್ಣ ಕರ್ಕೊಂಡು ಬರೋಕೆ ಶುರು ಮಾಡಿದ. ಹೂವಿನ ನರ್ಸರಿಯಲ್ಲಿ ಸಸಿ ನೋಡ್ಕೊಳ್ಳೋ ಹುಡುಗಿ. ಏನು ಕೇಳಿದ್ರೂ "ಹೂಂ", ಇಲ್ಲಾಂದ್ರೆ "ಉಹೂಂ". ದುಪಟ್ಟಾದ ಅಂಚನ್ನ ಬೆರಳಿಗೆ ಸುತ್ತೋದು, ಬಿಚ್ಚೋದು. ಇವರು ಅವಳನ್ನ ನೋಡ್ಕೊಂಡ ರೀತಿ ಇದೆಯಲ್ಲ! "ಫ್ಯಾನ್ ಸದ್ದು ಜಾಸ್ತಿ ಆಯ್ತೇನಮ್ಮ? ಆಫ್ ಮಾಡ್ಲಾ? ಮಾತು ಬೇಡ ಅನ್ಸಿದ್ರೆ ಸುಮ್ನೆ ಕೂತ್ಕೋ, ಏನೂ ಅವಸರ ಇಲ್ಲ." ಒಂದು ದಿನ ಅಡುಗೆಮನೆ ಬಾಗಿಲಿಗೆ ಬಂದು ನನಗೆ ಆರ್ಡರ್: "ಒಗ್ಗರಣೆ ಹಾಕೋವಾಗ ಬಾಗಿಲು ಹಾಕ್ಕೋ. ಸಾಸಿವೆ ಸಿಡಿದ್ರೆ ಆ ಮಗು ಬೆಚ್ಚಿಬೀಳ್ತದೆ."

ಅಯ್ಯೋ ಶಿವನೇ! ನನ್ನ ಕೈ ಮೇಲೆ ಇಷ್ಟು ವರ್ಷದಿಂದ ಸಾಸಿವೆ ಸಿಡೀತಾ ಇದೆ, ಯಾರ ಕಣ್ಣಿಗೂ ಬೀಳಲಿಲ್ಲ! ತಡೆಯೋಕಾಗಲಿಲ್ಲ ನನಗೆ. "ರೀ, ಭಾನುವಾರ ನನಗೂ ಒಂದು ಕ್ಲಾಸ್ ತಗೊಳ್ಳಿ" ಅಂದೆ.

ಇವರು ಗಾಬರಿಯಾಗಿ ನೋಡಿದ್ರು. "ನಿನಗ್ಯಾಕೆ? ನಿನಗೆ ಬಾಯಿದೆಯಲ್ಲ."

ಬಾಯಿದೆ, ಹೌದು. ಬೀದಿ ಬೀದಿಗೆ ಕೇಳಿಸೋವಷ್ಟಿದೆ. ಆದ್ರೆ ಬಾಯಿರೋರಿಗೆ ಕಿವಿಯೂ ಇರ್ತದೆ, ಅದಕ್ಕೂ ಏನಾದ್ರೂ ಬೀಳಬೇಕು ಅಂತ ಯಾರಿಗೂ ಹೊಳೆಯೋದೇ ಇಲ್ಲ. ಆ ಮೂಗಿಯಂಥ ಹುಡುಗಿ ಮೇಲೆ ನನಗೆ ಹೊಟ್ಟೆಕಿಚ್ಚಾಯ್ತು. ಮಗಳ ವಯಸ್ಸಿನವಳ ಮೇಲೆ! ನಾನೂ ಮಾತಾಡದೆ ಹುಟ್ಟಿದ್ರೆ ಚೆನ್ನಾಗಿತ್ತು, ನನಗೋಸ್ಕರಾನೂ ಯಾರಾದ್ರೂ ಫ್ಯಾನ್ ಆಫ್ ಮಾಡ್ತಿದ್ರು ಅಂತ ಅನ್ನಿಸಿಬಿಡ್ತು.

ಚಂದ್ರು ಮತ್ತು ಪವಿತ್ರ ಒಬ್ಬರನ್ನೊಬ್ಬರು ಮಾತಾಡಿಸಲಿ ಅಂತ ಎರಡೂ ಮನೆಯವರನ್ನ ಕೇಳಿ, ಆ ಇಬ್ಬರನ್ನೂ ಕೇಳಿ, ಇವರು ನಮ್ಮ ಜಗಲಿ ಮೇಲೆ ಕೂರಿಸಿದ್ರು. ಕಾಫಿ ಕೊಟ್ಟು ನಾನು ಕಿಟಕಿ ಹಿಂದೆ ನಿಂತೆ. ನೋಡಿದ್ರೆ ಇವರು ಆಗಲೇ ಅಲ್ಲಿ ನಿಂತಿದ್ದಾರೆ! ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಒಂದು ಕೆಲಸ ಮಾಡಿದ್ದು ಅದೇ ಮೊದಲು ಅನ್ಸುತ್ತೆ.

ಚಂದ್ರು ಅವಳ ಕುಂಕುಮದ ಬೊಟ್ಟು ನೋಡ್ತಾ ಶುರು ಮಾಡಿದ. "ಪವಿತ್ರ, ಇವತ್ತು ನಿಮ್ಮ ಮನಸ್ಸು ಹೇಗಿದೆ?"

"ಹೂಂ."

"ನಿಮಗೆ ಏನಿಷ್ಟ?"

"ಗಿಡ."

ಮುಗೀತು! ಕಾಫಿ ಮೇಲೆ ಕೆನೆ ಕಟ್ಟಿತು. ಚಂದ್ರು ಬೆವರ್ತಿದ್ದ. ಕಲಿಸಿದ್ದೆಲ್ಲ ಖಾಲಿಯಾಗಿ, ಬೇರೆ ದಾರಿ ಕಾಣದೆ, "ಗಿಡಕ್ಕೆ ನೀರು? ಬೋರ್ ಇದೆಯಾ?" ಅಂದುಬಿಟ್ಟ. ಪಕ್ಕದಲ್ಲಿ ಇವರು ಹಣೆ ಚಚ್ಕೊಂಡ್ರು.

"ಇದೆ" ಅಂದ್ಳು ಪವಿತ್ರ. ದುಪಟ್ಟಾ ಸುತ್ತೋದು ನಿಲ್ಲಿಸಿದ್ಳು. "ಆದ್ರೆ ಮೂರು ದಿನ ನೀರು ಬರುತ್ತೆ, ಎರಡು ದಿನ ನಿಂತುಹೋಗುತ್ತೆ. ಯಾಕೆ ಅಂತ ಯಾರೂ ಹೇಳ್ತಿಲ್ಲ."

ಚಂದ್ರು ಕುರ್ಚಿ ಮುಂದಕ್ಕೆ ಎಳ್ಕೊಂಡ. ಆಮೇಲೆ ನಡೆದಿದ್ದು ಏನು ಹೇಳಲಿ! ಅವನು ಭೂಮಿಯೊಳಗೆ ಇಳಿದ, ಅವಳೂ ಹಿಂದೆಯೇ ಇಳಿದ್ಳು. ಕೇಸಿಂಗು, ಮೋಟಾರು, ಕಲ್ಲಿನ ಪದರ, ಬೇರು, ಗೊಬ್ಬರ. ಹೊತ್ತು ಇಳಿಯೋವರೆಗೂ ಮುಗೀಲಿಲ್ಲ. ಕೊನೆಗೆ ಎದ್ದು ನಿಂತು ಕೇಳಿದ, "ಪವಿತ್ರ, ನೀವು ನನಗೆ ಇಷ್ಟ ಆದ್ರಿ. ನಾನು ನಿಮಗೆ ಇಷ್ಟ ಆದ್ನಾ? ಈಗಲೇ ಹೇಳಬೇಕು ಅಂತೇನಿಲ್ಲ."

"ಆದ್ರಿ" ಅಂದ್ಳು ಅವಳು. "ಫೋನ್ ಮಾಡಬೇಡಿ, ಮೆಸೇಜ್ ಮಾಡಿ."

ಕಿಟಕಿ ಹಿಂದೆ ನನ್ನ ಕಣ್ಣು ಒದ್ದೆಯಾಯ್ತು, ಹೊಟ್ಟೆಯೂ ಉರೀತು. ನನ್ನನ್ನ ನೋಡೋಕೆ ಬಂದಾಗ ಈ ಮಹಾನುಭಾವರು ಉಪ್ಪಿಟ್ಟು ತಿಂದು, ನಮ್ಮಪ್ಪನ ಮನೆ ಕಿಟಕಿ ಸರಳಿಗೆ "ಆಗಬಹುದು" ಅಂದು ಎದ್ದು ಹೋಗಿದ್ರು. ಇಷ್ಟ ಆದ್ನಾ ಅಂತ ಕೇಳಲಿಲ್ಲ. ಕೇಳಿದ್ರೆ ನಾನು ಹೂಂ ಅಂತಿದ್ದೆ. ಅದನ್ನ ಹೇಳೋಕೆ ನನಗೊಂದು ಅವಕಾಶ ಬೇಕಿತ್ತು.

ಮದುವೆ ಗೊತ್ತಾಯ್ತು. ಚಂದ್ರುಗೆ ಒಂದೇ ಭಯ, ಹೊಸ್ತಿಲ ಮೇಲೆ ಹೆಸರು ಹೇಳೋದು. ಅದಕ್ಕೆ ನಮ್ಮನೆ ಬಾಗಿಲಲ್ಲೇ ರಿಹರ್ಸಲ್ ಆಯ್ತು. ನಾನು ಅಡ್ಡ ನಿಲ್ಲೋ ನಾದಿನಿ, ಇವರು ಟವೆಲ್ ತಲೆ ಮೇಲೆ ಹಾಕ್ಕೊಂಡು ಮದುಮಗಳು! ಚಂದ್ರು ಇವರ ಬೋಳು ಹಣೆ ನೋಡ್ಕೊಂಡು ಸಲೀಸಾಗಿ "ಪವಿತ್ರ" ಅಂದ. ಅಂದಿದ್ದೇ ಅಂದಿದ್ದು. ನಾನು ನಕ್ಕೂ ನಕ್ಕೂ ಬಾಗಿಲಿಗೆ ಒರಗಿ ನಿಂತೆ. ನಕ್ಕಿದ್ದಾದ ಮೇಲೆ ನೋಡಿದ್ರೆ, ಇವರು ಟವೆಲ್ ತೆಗೆದು ಹೊಸ್ತಿಲನ್ನೇ ನೋಡ್ತಾ ನಿಂತಿದ್ರು.

ಮದುವೆ ಮುಗಿದು ಜೋಡಿ ಚಂದ್ರು ಮನೆ ಬಾಗಿಲಿಗೆ ಬಂತು. ತಮಟೆ, ವಾದ್ಯ, ಕೂಗಾಟ, ಮುಖಕ್ಕೆ ಹಿಡಿದ ಮೊಬೈಲುಗಳು. ಚಂದ್ರು ಅಕ್ಕ ಬಾಗಿಲಿಗೆ ಅಡ್ಡ ನಿಂತ್ಳು. ಪವಿತ್ರ ತಲೆ ತಗ್ಗಿಸಿ ಮೆತ್ತಗೆ "ಚಂದ್ರು" ಅಂದ್ಳು. ಸರಿ, ಇವನ ಸರದಿ. ಇವನ ಎರಡೂ ಕೈ ಕಿವಿ ಮೇಲೆ ಹೋದವು. "ಹೇಳೋ, ಹೇಳೋ!" ಅಂತ ಜನ. "ಹೆಂಡ್ತಿ ಹೆಸರೇ ಮರೆತ್ಯೇನ್ಲಾ?" ಅಂತ ಇನ್ನೊಬ್ಬ. ಗೊಳ್ಳಂತ ನಗು. ಪವಿತ್ರ ಸೀರೆ ಸೆರಗನ್ನ ಬೆರಳಿಗೆ ಸುತ್ತೋಕೆ ಶುರು ಮಾಡಿದ್ಳು. ಈ ಹುಡುಗಿಯೂ ನನ್ನ ಹಾಗೇ ಕಾಯಬೇಕಾಗುತ್ತಲ್ಲಪ್ಪಾ ಅನ್ನಿಸಿತು. ಅಷ್ಟರಲ್ಲಿ ಯಾರೋ ಹೆಂಗಸು, "ಹೋಗ್ಲಿ ಬಿಡ್ರೇ, ಒಳಗೆ ತಳ್ಳಿ!" ಅಂತ ಅವನ ಬೆನ್ನ ಮೇಲೆ ಕೈಯಿಟ್ಳು.

"ತಳ್ಳಬೇಡಿ!"

ಅಷ್ಟು ಜೋರು ದನಿ ಯಾರದ್ದು ಅಂತ ಎಲ್ಲರೂ ತಿರುಗಿ ನೋಡಿದ್ರು. ನಾನೂ ನೋಡಿದೆ. ಇವರು! ಜನರನ್ನ ಸರಿಸ್ಕೊಂಡು ಮುಂದೆ ಬಂದ್ರು, ತಮಟೆಯವರಿಗೆ ಕೈ ತೋರಿಸಿ ನಿಲ್ಲಿಸಿದ್ರು.

"ಒಂದ್ಸಲ ತಳ್ಳಿಬಿಟ್ರೆ ಆಮೇಲೆ ಹೇಳೋಕಾಗಲ್ಲಮ್ಮ" ಅಂದ್ರು ಆ ಹೆಂಗಸಿಗೆ. "ದಿನಾ ಹೇಳಬೇಕು ಅಂದ್ಕೋತೀವಿ. ಆಗಲ್ಲ."

ಇವರು ಚಂದ್ರು ಪಕ್ಕದಲ್ಲಿ ನಿಂತ್ರು. "ಅವಸರ ಇಲ್ಲ ಕಣಪ್ಪ. ಮೊದಲು ನಾನು ಹೇಳ್ತೀನಿ, ಆಮೇಲೆ ನೀನು ಹೇಳುವಂತೆ" ಅಂದು ತಿರುಗಿ, ಗುಂಪಲ್ಲಿ ನನ್ನನ್ನ ಹುಡುಕಿದ್ರು. ನಾನು ಆರತಿ ತಟ್ಟೆ ಹಿಡ್ಕೊಂಡಿದ್ದೆ. ನನ್ನ ಕಣ್ಣು ನೋಡೋಕೆ ಹೋದ್ರು, ಆಗಲಿಲ್ಲ. ನನ್ನ ಕುಂಕುಮ ನೋಡಿದ್ರು.

"ಸರೋಜಾ" ಅಂದ್ರು.

ಹಿಂದೆಯೇ ಚಂದ್ರು, "ಪವಿತ್ರ" ಅಂದ. ಜನ ಹೋ ಅಂತ ಕೂಗಿದ್ರು, ಪವಿತ್ರ ಅಕ್ಕಿ ಸೇರು ಒದ್ದು ಒಳಗೆ ಹೋದ್ಳು, ಹಿಂದೆ ಎಲ್ಲರೂ ಹೋದ್ರು. ನಾವಿಬ್ಬರೇ ಹೊರಗೆ ಉಳಿದ್ವಿ. ಇವರ ಅಂಗಿಯೆಲ್ಲ ಬೆವರಿಂದ ತೊಯ್ದಿತ್ತು. ಪರೀಕ್ಷೆ ಬರೆದು ಬಂದ ಹುಡುಗನ ಥರ ಮೆಲ್ಲಗೆ ಕೇಳಿದ್ರು, "ಸರಿಯಾಗಿ ಹೇಳಿದ್ನಾ?"

ಏನಾದ್ರೂ ಚುರುಕಾಗಿ ಹೇಳೋಣ ಅಂತ ಬಾಯಿ ತೆರೆದೆ, ಮಾತೇ ಹೊರಡಲಿಲ್ಲ. ಬೀದಿ ಬೀದಿಗೆ ಕೇಳಿಸೋ ನನ್ನ ಬಾಯಿ! ಸೆರಗಲ್ಲಿ ಮುಖ ಒರೆಸ್ಕೊಂಡೆ, ಕುಂಕುಮ ಅಳಿಸದ ಹಾಗೆ, ಹುಷಾರಾಗಿ.

"ಇನ್ನೊಂದ್ಸಲ ಹೇಳಿ" ಅಂದೆ. "ತಮಟೆ ಗಲಾಟೆಲಿ ಕೇಳಿಸ್ಲಿಲ್ಲ."