ಎರಡನೇ ಭಾಗದ ಗೇಮೂ ನಮ್ಮ ಅಂಗಡಿಯ ಬೀಗವೂ

ಗೇಮ್ ಅಂಗಡಿ ಇಟ್ಟವಳು ಗಾಬರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ತಿಪಟೂರಿನಲ್ಲಿ ನಾನೂ ನಮ್ಮ ಯಜಮಾನರೂ ನಾಲ್ಕು ಕಂಪ್ಯೂಟರ್ ಇಟ್ಟು, ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುತ್ತಿದ್ದ ಕಾಲದ ಮಾತಿದು. ನಾನು ಓದಿದ್ದು ಹತ್ತನೇ ಕ್ಲಾಸು. ಕಂಪ್ಯೂಟರಿಗೆ ಅದು ಗೊತ್ತಿರಲಿಲ್ಲ, ಹಾಗಾಗಿ ನಡೆಯಿತು.

ಅಟ್ಟಕ್ಕೆ ಬಾಂಬು

ಗುಂಡು ಹಾರಿಸುವ ಒಂದು ಗೇಮಿನ ಸೀಡಿಯಲ್ಲಿ ಕಂಪನಿಯವರು ಇನ್ನೊಂದು ಸಾಮಾನನ್ನೂ ಸೇರಿಸಿ ಕೊಟ್ಟಿದ್ದರು. ಅದರಲ್ಲಿ ನಾವೇ ಗೋಡೆ, ಮರ, ಮೆಟ್ಟಿಲು ಇಟ್ಟು ನಮ್ಮೂರನ್ನೇ ಗೇಮಿನೊಳಗೆ ಕಟ್ಟಬಹುದಿತ್ತು. ಹಾಲ್ಕುರಿಕೆಯಿಂದ ಬರುತ್ತಿದ್ದ ಐಟಿಐ ಓದುವವನೊಬ್ಬ ತಮ್ಮ ತೋಟ, ಮನೆ, ಕೊಬ್ಬರಿಯಾಗಲೆಂದು ಕಾಯಿ ತುಂಬಿಡುವ ಅಟ್ಟ ಎಲ್ಲವನ್ನೂ ಕಟ್ಟಿದ. ಅಲ್ಲಿಂದ ಗಿರಾಕಿಗಳೆಲ್ಲ ಕಂಪನಿಯ ಕೋಟೆ ಬಿಟ್ಟು ಇವನ ತೋಟದಲ್ಲೇ ಹೊಡೆದಾಡತೊಡಗಿದರು.

ಒಂದು ದಿನ ಅವರಪ್ಪ ಮಗನನ್ನು ಎಳೆದುಕೊಂಡು ಹೋಗಲು ಬಂದರು. ಬಂದವರೇ ಹೊಡೆಯಲು ಕೈ ಎತ್ತಿದರು. ಎತ್ತಿದ ಕೈ ಪರದೆ ಕಂಡು ಹಾಗೇ ನಿಂತಿತು.

‘ಇದು ನಮ್ಮನೆ ಅಲ್ವೇನ್ಲಾ?’

‘ಹೂಂ ಕಣಪ್ಪ.’

ಅಷ್ಟರಲ್ಲಿ ಪಕ್ಕದ ಕಂಪ್ಯೂಟರಿನವನು ಅಟ್ಟಕ್ಕೆ ಬಾಂಬು ಎಸೆದ. ಅಪ್ಪ ತಲೆಯ ಮೇಲೆ ಕೈ ಹೊತ್ತರು. ‘ಅಯ್ಯೋ ಪಾಪಿ, ಇನ್ನೊಂದೆರಡು ವಾರ ತಡೆದಿದ್ರೆ ಕೊಬ್ಬರಿ ರೇಟು ಏರ್ತಿತ್ತಲ್ಲೋ!’

ಹೊಸ ಗೇಮು

ಅದೇ ಗೇಮಿನ ಎರಡನೇ ಭಾಗ ಬಂತು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಯಜಮಾನರು ಹಳೆಯದನ್ನು, ಅದರೊಳಗೆ ಕಟ್ಟಿದ್ದ ತೋಟದ ಸಮೇತ, ಅಳಿಸಿ ಹೊಸದನ್ನು ಹಾಕಿದರು. ನೀರು ನಿಜವಾದ ನೀರಿನ ಹಾಗೆ, ಬೆಂಕಿ ನಿಜವಾದ ಬೆಂಕಿಯ ಹಾಗೆ. ಕಟ್ಟುವ ಸಾಮಾನು ಮಾತ್ರ ಇಲ್ಲ.

‘ಅಕ್ಕಾ, ನಮ್ ತೋಟ ಎಲ್ಲಿ?’ ಹಾಲ್ಕುರಿಕೆಯವನು ಕೇಳಿದ.

‘ಇದ್ರಲ್ಲಿ ಬರಲ್ವಂತೆ ಕಣಪ್ಪ. ಅವರು ಕಟ್ಟಿಕೊಟ್ಟಿದ್ರಲ್ಲೇ ಆಡ್ಬೇಕಂತೆ.’

‘ಮೊಳೆ ಹೊಡೆಯಕ್ಕೂ ಬಿಡದ ಬಾಡಿಗೆ ಮನೆ ಇದ್ದಂಗೈತೆ. ಬುಡಕ್ಕ’ ಎಂದು ಎದ್ದುಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಖಾಲಿ ಕುರ್ಚಿ ಕಂಡ ಕಟ್ಟಡದ ಮಾಲೀಕರು, ‘ಸೋಮವಾರ ಬೀಗ ಕೊಟ್ಬಿಡಿ. ಬೇಕರಿಯವರು ಕೇಳ್ತಾವ್ರೆ’ ಎಂದರು. ಆ ಅಂಗಡಿ ಬಿಟ್ಟರೆ ನಮಗೆ ಬೇರೆ ಅನ್ನದ ದಾರಿ ಇರಲಿಲ್ಲ.

ಕೊನೆಗೆ ಯಜಮಾನರಿಗೊಂದು ಉಪಾಯ ಹೊಳೆಯಿತು. ಗಿರಾಕಿ ಇರುವ ಹಾಗೆ ಕಾಣಲಿ ಎಂದು ನನ್ನನ್ನೇ ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಇನ್ನೊಂದರ ಮುಂದೆ ಕೂತರು. ನಾನು ನಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಂದೂಕು ಹಿಡಿದೆ.

‘ನನ್ನೇ ಯಾಕೆ ಹೊಡೀತೀಯೇ? ಶತ್ರುಗಳು ಆ ಕಡೆ ಅವ್ರೆ!’

‘ಹಳೇ ಗೇಮು ಅಳಿಸಿದ್ದು ಅವರಲ್ವಲ್ಲ!’ ಎಂದು ಇನ್ನೊಂದು ಹೊಡೆದೆ.

ದಕ್ಷಿಣದ ಬಾಗಿಲು

ಕಂಪನಿಗೂ ನಮ್ಮ ಹಾಗೇ ಬಿಸಿ ಮುಟ್ಟಿತೇನೋ, ಎರಡನೇ ಭಾಗಕ್ಕೂ ಕಟ್ಟುವ ಸಾಮಾನನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟರು. ನಮ್ಮ ಅಂಗಡಿಗೆ ಇಂಟರ್ನೆಟ್ ಇರಲಿಲ್ಲ, ಹಾಲ್ಕುರಿಕೆಯವನು ತುಮಕೂರಿಗೆ ಹೋಗಿ ಸೀಡಿಗೆ ಹಾಕಿಸಿಕೊಂಡು ಓಡಿ ಬಂದ. ಶನಿವಾರ, ಭಾನುವಾರ ಕದಲದೆ ಕೂತು ನಮ್ಮ ಬೀದಿಯನ್ನೇ ಕಟ್ಟಿದ. ಸೋಮವಾರ ಬೆಳಿಗ್ಗೆ ನಾಲ್ಕೂ ಕುರ್ಚಿ ಭರ್ತಿ.

ಆದರೂ ಮಾಲೀಕರು ಬಂದು ಕೈ ಚಾಚಿದರು. ‘ಈಗ ತುಂಬಿದ್ರೆ ಏನಮ್ಮ ಬಂತು? ಬೇಕರಿಯವರಿಗೆ ಮಾತು ಕೊಟ್ಟಾಯ್ತು.’

ಬೀಗ, ಕೀ ಎರಡನ್ನೂ ಅವರ ಕೈಗಿಟ್ಟೆ. ಕಂಪ್ಯೂಟರ್ ಆರಿಸಿ ಎನ್ನಲು ತಿರುಗಿದವರು ಪರದೆಯನ್ನೇ ನೋಡುತ್ತ ನಿಂತರು.

‘ಇದ್ಯಾರ ಮನೆಯೋ?’

‘ನಿಮ್ದೇ ಸಾರ್. ಮಹಡಿನೂ ಹಾಕಿವ್ನಿ’ ಎಂದ ಹಾಲ್ಕುರಿಕೆಯವನು.

ಮಹಡಿ ಕಟ್ಟಿಸಬೇಕೆಂಬ ಅವರ ಆಸೆ ಬೀದಿಗೆಲ್ಲ ಗೊತ್ತಿತ್ತು. ಮುಖ ಅರಳಿತು. ಮರುಕ್ಷಣ ಬಾಡಿತು.

‘ದಕ್ಷಿಣಕ್ಕೆ ಬಾಗ್ಲು ಇಟ್ಟಿದೀಯಲ್ಲೋ! ಮೊದ್ಲು ಪೂರ್ವಕ್ಕೆ ತಿರುಗ್ಸು.’

‘ಮೆಟ್ಲೂ ಒಡೆದು ಕಟ್ಬೇಕು ಸಾರ್. ವಾರ ಹಿಡೀತದೆ.’

‘ಹಿಡೀಲಿ. ಮನೆ ಕೆಲಸ ಅರ್ಧಕ್ಕೆ ನಿಲ್ಲಿಸಬಾರದು. ಬೇಕರಿಯವನಿಗೆ ಬೇರೆ ಮಳಿಗೆ ತೋರಿಸ್ತೀನಿ.’ ಬೀಗ ನನ್ನ ಕೈಗೆ ವಾಪಸ್ಸು ಬಂತು.

ಬಾಗಿಲು ತಿರುಗಿದ ದಿನ ಮಾಲೀಕರು ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು ಬಂದರು. ಪರದೆಯಲ್ಲಿ ನಾಲ್ವರು ಬಂದೂಕು ಹಿಡಿದು ಗೇಟು ದಾಟಿದ್ದರು. ಮಾಲೀಕರು ಹಾರಿಬಿದ್ದು ಕೈ ಅಡ್ಡ ಹಿಡಿದರು.

‘ತಡೀರಿ! ಹಾಲು ಉಕ್ಕಿಸ್ದೆ ಹೊಸ ಮನೇಲಿ ಯಾರೂ ಯಾರನ್ನೂ ಕೊಲ್ಲಂಗಿಲ್ಲ. ನೀನು ಹೋಗಿ ಸ್ಟವ್ ಹಚ್ಚಮ್ಮ!’